ಹೊಟ್ಟಿನಲ್ಲಿ ಬಚ್ಚಿಟ್ಟ ಆರನೇ ಜೋಡು

ಮಂಡಕ್ಕಿ ತಿನ್ನುವವರ ಹಲ್ಲಿಗೆ ಮರಳು ಸಿಗಬಾರದು. ಹರಳಕಟ್ಟೆ ಎಂಬ ಊರಿನಲ್ಲಿ ಒಂದು ವರ್ಷ ಎಲ್ಲರ ಹಲ್ಲಿಗೂ ಸಿಕ್ಕಿತು. ಅದಕ್ಕೆ ಕಾರಣ ಕಳ್ಳರಲ್ಲ, ಕಾಕರಲ್ಲ. ಬಹಳ ಒಳ್ಳೆಯ ಮನಸ್ಸಿನ ಒಬ್ಬ ದಿವಾನರು.

ಹರಳಕಟ್ಟೆಯ ಒಂದು ಬೀದಿಯಲ್ಲಿ ಹನ್ನೊಂದು ಮಂಡಕ್ಕಿ ಭಟ್ಟಿಗಳಿದ್ದವು. ಉಪ್ಪುನೀರು ಕುಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಅದು ಚಟಪಟನೆ ಅರಳುತ್ತದೆ. ಆಮೇಲೆ ಜರಡಿ ಹಿಡಿಯಬೇಕು. ಮೊದಲನೇ ಜರಡಿಗೆ ದಪ್ಪ ಮರಳು ಹೋಗುತ್ತದೆ. ಎರಡನೇ ಜರಡಿಗೆ ಬೇಗ ಕಣ್ಣಿಗೆ ಬೀಳದ ನುಣ್ಣನೆಯ ಮರಳೂ ಹೋಗುತ್ತದೆ. ಹೀಗಾಗಿ ಪ್ರತಿ ಭಟ್ಟಿಯಲ್ಲೂ ಯಜಮಾನರೂ ಸೇರಿ ಆರು ಜನ ದುಡಿಯುತ್ತಿದ್ದರು. ಆರನೆಯವರ ಕೆಲಸ ಎರಡನೇ ಜರಡಿ.

ಬೀದಿಯ ಕೊನೆಯದು ಚೌಡಮ್ಮನ ಭಟ್ಟಿ. ಗಂಡ ಭತ್ತ ಕೊಳ್ಳಲು ಊರೂರು ತಿರುಗುತ್ತಿದ್ದರಿಂದ ಯಜಮಾನಿಕೆಯೆಲ್ಲ ಅವಳದೇ. ಬಾಯಿ ಜೋರು, ಕೈ ಉದಾರ. ಅಕ್ಕಪಕ್ಕದ ಹೆಂಗಸರು ಅಳೆದು ಕೊಟ್ಟರೆ, ಚೌಡಮ್ಮ ಅಳೆದ ಮೇಲೆ ಇನ್ನೊಂದು ಹಿಡಿ ಹಾಕಿ ಕೊಡುತ್ತಿದ್ದಳು. ಅವಳ ಹತ್ತಿರ ಎರಡನೇ ಜರಡಿ ಹಿಡಿಯುತ್ತಿದ್ದವಳು ಹಾಲಮ್ಮ. ಪಕ್ಕದ ಹಳ್ಳಿಯಿಂದ ದಿನಾ ಎರಡು ಹರಿದಾರಿ ನಡೆದು ಬರುವ, ಮಾತು ಕಡಿಮೆಯ ಹೆಣ್ಣುಮಗಳು. ಮನೆಯಲ್ಲಿ ಕಾಲು ಮುರಿದುಕೊಂಡು ಕೂತ ಗಂಡ, ಇಬ್ಬರು ಮಕ್ಕಳು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಜರಡಿಯಿಂದಲೇ.

ಹೀಗಿರುವಾಗ ದಿವಾನರಿಗೆ ಸಣ್ಣ ವ್ಯಾಪಾರಿಗಳ ಮೇಲೆ ಕನಿಕರ ಬಂತು. ಸಣ್ಣವರು ಉಳಿಯಲಿ, ದೊಡ್ಡವರು ಕೊಡಲಿ ಎಂದು ಒಂದು ಕಾಯಿದೆ ಮಾಡಿದರು. ಐದು ಜನರವರೆಗೆ ದುಡಿಯುವ ಅಂಗಡಿ ಸಣ್ಣದು, ಅದಕ್ಕೆ ವರ್ಷಕ್ಕೆ ಒಂದೇ ವರಹ ಸುಂಕ. ಆರನೆಯವರು ಕಾಲಿಟ್ಟರೆ ಅದು ದೊಡ್ಡ ಅಂಗಡಿ, ಹನ್ನೆರಡು ವರಹ. ಡಂಗುರ ಸಾರಿದ ದಿನ ಭಟ್ಟಿ ಬೀದಿಯವರು ಮೊದಲ ಅರ್ಧ ಕೇಳಿ ಚಪ್ಪಾಳೆ ತಟ್ಟಿದರು. ಉಳಿದರ್ಧ ಕೇಳಿ ಮನೆಗೆ ಹೋದರು.

ವಾರದೊಳಗೆ ಹತ್ತು ಭಟ್ಟಿಗಳಲ್ಲಿ ಆರನೆಯವರು ಕೆಲಸ ಕಳೆದುಕೊಂಡರು. ಯಜಮಾನರು ಕೆಟ್ಟವರೇನಲ್ಲ. ಒಬ್ಬ ಆಳು ಹೆಚ್ಚಿದ್ದರೆ ಭಟ್ಟಿಗೆ ವರ್ಷಕ್ಕೆ ಎರಡು ವರಹ ಹೆಚ್ಚು ಹುಟ್ಟುತ್ತಿತ್ತು. ಅದಕ್ಕಾಗಿ ಹನ್ನೊಂದು ವರಹ ಹೆಚ್ಚು ಸುಂಕ ಕಟ್ಟಲು ಯಾರಿಗೆ ತಲೆ ಕೆಟ್ಟಿದೆ?

ಚೌಡಮ್ಮನೂ ಹಾಲಮ್ಮನನ್ನು ಕರೆದಳು. "ಹಾಲಮ್ಮ, ನಾಳೆಯಿಂದ..." ಎಂದಳು. ಹಾಲಮ್ಮ ಜರಡಿ ಹಿಡಿದುಕೊಂಡೇ ನಿಂತಿದ್ದಳು. ಪಕ್ಕದ ಭಟ್ಟಿಗಳ ಸುದ್ದಿ ಅವಳಿಗೂ ಗೊತ್ತಿತ್ತು.

"ನಾಳೆಯಿಂದ ಏನಕ್ಕಾ?" ಎಂದಳು ಮೆಲ್ಲಗೆ.

"ನಾಳೆಯಿಂದ ಸ್ವಲ್ಪ ಬೇಗ ಬಾ," ಎಂದುಬಿಟ್ಟಳು ಚೌಡಮ್ಮ.

ಒಲೆಗೆ ಹೊಟ್ಟು ಹಾಕುತ್ತಿದ್ದ ರುದ್ರಜ್ಜ ಇದನ್ನೆಲ್ಲ ಕೇಳಿಸಿಕೊಂಡ. ಎಪ್ಪತ್ತು ದಾಟಿದ ಮುದುಕ. ಕಣ್ಣು ಮಂಜು, ನಾಲಿಗೆ ಚುರುಕು. "ಚೌಡವ್ವಾ, ಸುಂಕದೋರು ನಮ್ಮ ತಲೆ ಎಣಿಸಾಕೆ ಒಳಗೆ ಬರ್ತಾರೇನು?" ಎಂದು ಕೇಳಿದ.

ಬರುತ್ತಿರಲಿಲ್ಲ. ಸುಂಕದ ತಿಮ್ಮಪ್ಪಯ್ಯನವರಿಗೆ ಹೊಗೆ ಆಗದು, ಹೊಟ್ಟಿನ ಧೂಳು ಬಿದ್ದರೆ ಸೀನು. ಅನ್ನ ಅರಳುವ ಜಾಗವೆಂದು ಭಟ್ಟಿಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ಎಲ್ಲವೂ ಜಗಲಿಯ ಕೆಳಗೆ ಸಾಲಾಗಿ ಇರುತ್ತವೆ. ತಿಮ್ಮಪ್ಪಯ್ಯನವರು ಜಗಲಿಯ ಮೇಲೆ ಕೂತು ಬೆಳಗಿನ ತಂಪಿನಲ್ಲಿ ಆ ಚಪ್ಪಲಿಗಳನ್ನು ಎಣಿಸುತ್ತಿದ್ದರು. ಐದು ಜೊತೆ ಕಂಡರೆ ಐದು ಜನ. ಕಂದಾಯದ ಕೆಲಸವನ್ನು ಇಷ್ಟು ಸುಲಭ ಮಾಡಿಕೊಂಡವರು ಆ ಸೀಮೆಯಲ್ಲೇ ಇರಲಿಲ್ಲ.

"ಹಂಗಾದ್ರೆ ಒಂದು ಜೊತೆ ಬಚ್ಚಿಟ್ರಾಯ್ತು," ಎಂದ ಅಜ್ಜ. "ಸರ್ಕಾರ ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋಣ."

ಎಲ್ಲರೂ ನಕ್ಕರು. ಬಾಗಿಲ ಪಕ್ಕದಲ್ಲೇ ಒಲೆಗೆ ಹಾಕುವ ಹೊಟ್ಟಿನ ರಾಶಿ ಇತ್ತು. ದಿನಕ್ಕೊಬ್ಬರಂತೆ ಸರದಿಯ ಮೇಲೆ ತಮ್ಮ ಚಪ್ಪಲಿಯನ್ನು ಅದರಲ್ಲಿ ಹೂತಿಡುವುದೆಂದು ಠರಾವಾಯಿತು. ಹಾಲಮ್ಮ ಉಳಿದಳು. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ತಿಮ್ಮಪ್ಪಯ್ಯನವರು ಬೀದಿಯ ತುದಿಯಲ್ಲಿ ಕಂಡರೂ ಸಾಕು, ಚೌಡಮ್ಮನ ಜೋರು ಬಾಯಿ ಕಟ್ಟಿಹೋಗುತ್ತಿತ್ತು. ಅವಳಿಗೆ ತನ್ನ ಮೇಲೆಯೇ ಬೇಸರವಾಗುತ್ತಿತ್ತು.

ಇತ್ತ ಊರಿನ ಸ್ಥಿತಿ ಕೇಳಿ. ಹತ್ತು ಭಟ್ಟಿಗಳ ಮಂಡಕ್ಕಿಯಲ್ಲಿ ಮರಳು. ಚೌಡಮ್ಮನ ಒಂದೇ ಭಟ್ಟಿಯದು ಇಡೀ ಊರಿಗೆ ಸಾಲದು. ಮಕ್ಕಳು ತಿಂದು ಉಗಿದರು. ಮುದುಕರು ತಿಂದು ಬೈದರು. ನೆಂಟರು ಬಂದರೆ ಮಂಡಕ್ಕಿ ಕೊಡುವ ಪದ್ಧತಿಯೇ ನಿಂತಿತು. ಹತ್ತು ಮನೆಗಳ ಹತ್ತು ಜನ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತರು. ಆದರೂ ತಿಮ್ಮಪ್ಪಯ್ಯನವರು ದಿವಾನರಿಗೆ ಬರೆದರು: "ಹನ್ನೊಂದು ಭಟ್ಟಿಗಳಲ್ಲೂ ಐದೈದೇ ಜನ. ತಮ್ಮ ಕಾಯಿದೆಯಿಂದ ಸಣ್ಣವರೆಲ್ಲ ಸುಖವಾಗಿದ್ದಾರೆ." ದಿವಾನರು ಓದಿ ಸಂತೋಷಪಟ್ಟರು. ಬರೆದ ಸಂಜೆಯೇ ತಿಮ್ಮಪ್ಪಯ್ಯನವರು ಒಗ್ಗರಣೆ ಮಂಡಕ್ಕಿ ಬಾಯಿಗೆ ಹಾಕಿಕೊಂಡರು, ಕಟುಮ್ ಎಂದಿತು. ಬಲಗಡೆಯ ದವಡೆ ಹಲ್ಲಿನ ಒಂದು ಚೂರು ಅಂಗೈಗೆ ಬಂತು.

ಮರುದಿನ ಅವರು ಕೆನ್ನೆ ಹಿಡಿದುಕೊಂಡು ಚೌಡಮ್ಮನ ಜಗಲಿಗೆ ಬಂದರು. ಇಡೀ ಊರಿನಲ್ಲಿ ಅವಳ ಮಂಡಕ್ಕಿಯೊಂದರಲ್ಲೇ ಮರಳಿಲ್ಲವೆಂದು ಹೆಂಡತಿ ಹೇಳಿ ಕಳಿಸಿದ್ದಳು. ರೂಢಿಯಂತೆ ಚಪ್ಪಲಿ ಎಣಿಸಿದರು. ಐದು ಜೊತೆ.

"ಒಂದು ಸೇರು ಕೊಡಮ್ಮ," ಎಂದರು. ಚೌಡಮ್ಮ ಬಿಸಿಬಿಸಿ ಮಂಡಕ್ಕಿ ಮೊರದಲ್ಲಿ ತಂದಿಟ್ಟಳು. ಅವರು ಎಡಗಡೆಯ ಹಲ್ಲಿನಿಂದ ನಾಲ್ಕು ಕಾಳು ಅಗಿದರು. ಮರಳಿಲ್ಲ. ಮುಖ ಅರಳಿತು.

ಅಷ್ಟರಲ್ಲಿ ಒಳಗಿನಿಂದ ಒಂದು ವಾಸನೆ ಬಂತು. ಸುಟ್ಟ ತೊಗಲಿನ ವಾಸನೆ. ಹಿಂದೆಯೇ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಹೊರಬಂತು. ಚೌಡಮ್ಮ ಒಳಗೆ ಓಡಿದಳು. ರುದ್ರಜ್ಜ ಮಂಜುಗಣ್ಣಿನಲ್ಲಿ ರಾಶಿಗೆ ಬುಟ್ಟಿ ಹಾಕಿ, ಹೊಟ್ಟಿನ ಜೊತೆಗೆ ಆ ದಿನದ ಸರದಿಯ ಚಪ್ಪಲಿಯನ್ನೂ ಒಲೆಗೆ ಸುರಿದಿದ್ದ. ಅವು ಹಾಲಮ್ಮನ ಚಪ್ಪಲಿಗಳು. ಮೂರು ತಿಂಗಳು ಕಾಸು ಕೂಡಿಸಿ, ಹೋದ ವಾರವಷ್ಟೇ ಹೊಲಿಸಿಕೊಂಡದ್ದು.

ಹಾಲಮ್ಮ ಒಲೆಯ ಬಾಯಿ ನೋಡುತ್ತ ನಿಂತಳು. ಅಜ್ಜ ಬುಟ್ಟಿ ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತ. ಅವಳು ಅಜ್ಜನನ್ನೂ ಬೈಯಲಿಲ್ಲ, ಯಜಮಾನಿಯನ್ನೂ ಬೈಯಲಿಲ್ಲ. "ಹೋಗ್ಲಿ ಬಿಡಜ್ಜ, ಬರಿಗಾಲಲ್ಲಿ ನಡೆದು ರೂಢಿ ಐತಿ ನಂಗೆ," ಎಂದು ಮತ್ತೆ ಜರಡಿ ಎತ್ತಿಕೊಂಡಳು.

ಜಗಲಿಯಿಂದ ತಿಮ್ಮಪ್ಪಯ್ಯನವರು ಕೂಗಿದರು: "ಏನಮ್ಮ ಅದು ವಾಸನೆ? ಇಲಿ ಗಿಲಿ ಒಲೆಗೆ ಬಿತ್ತೋ?"

ನೋಡಿ, ಸುಳ್ಳು ತಾನಾಗಿಯೇ ಮನೆ ಬಾಗಿಲಿಗೆ ಬಂದು ನಿಂತಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಅಜ್ಜ ಹೂಂ ಅನ್ನು ಎಂದು ಕೈಸನ್ನೆ ಮಾಡಿದ. ಚೌಡಮ್ಮ ಬಾಗಿಲಿಗೆ ಬಂದಳು. ಬಾಯಿ ತೆರೆದಳು. ಅಷ್ಟರಲ್ಲಿ ತಿಮ್ಮಪ್ಪಯ್ಯನವರೇ ಇನ್ನೊಂದು ಮಾತು ಕೇಳಿದರು.

"ಅದಿರಲಿ. ಅವರ ಹತ್ತಿರವೂ ಐದು ಜನ, ನಿನ್ನ ಹತ್ತಿರವೂ ಐದು ಜನ. ಅವರ ಮಂಡಕ್ಕಿಯಲ್ಲಿ ಮರಳು, ನಿನ್ನದರಲ್ಲಿ ಇಲ್ಲ. ಅದೇನಮ್ಮ ಗುಟ್ಟು?"

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂದು ಚೌಡಮ್ಮನ ಅವ್ವ ಹೇಳುತ್ತಿದ್ದಳು, ಅವ್ವನ ಅವ್ವನೂ ಹೇಳುತ್ತಿದ್ದಳು. ಚೌಡಮ್ಮ ಒಮ್ಮೆ ಹಿಂತಿರುಗಿ ಹಾಲಮ್ಮನ ಬರಿಗಾಲು ನೋಡಿದಳು. ಆಮೇಲೆ ಅವಳ ಹಳೆಯ ಜೋರು ಬಾಯಿ ವಾಪಸ್ಸು ಬಂತು.

"ಗುಟ್ಟು ಏನಿಲ್ಲ ಸ್ವಾಮಿ. ನನ್ನ ಹತ್ರ ಐದಲ್ಲ, ಆರು ಜನ. ಆರನೇ ಜೋಡು ಹೊಟ್ಟಿನಾಗೆ ಬಚ್ಚಿಡ್ತಿದ್ವಿ. ಈಗ ಒಲ್ಯಾಗೆ ಉರಿಯಾಕ್ಹತ್ತಿರೋದು ಅದೇ. ಒಳಗೆ ಬಂದು ನೋಡ್ರಿ."

ತಿಮ್ಮಪ್ಪಯ್ಯನವರು ನೌಕರಿಗೆ ಸೇರಿದ ಮೇಲೆ ಮೊದಲ ಸಲ ಒಂದು ಭಟ್ಟಿಯೊಳಗೆ ಕಾಲಿಟ್ಟರು. ಏಳು ಸಲ ಸೀನಿದರು. ಕಣ್ಣೊರೆಸಿಕೊಂಡು ನೋಡಿದರೆ, ಮೊದಲನೇ ಜರಡಿಯಿಂದ ಬಂದ ಮಂಡಕ್ಕಿ ಹಾಲಮ್ಮನ ಕೈಯಲ್ಲಿ ಕುಣಿಯುತ್ತಿದೆ, ಕೆಳಗೆ ನುಣ್ಣನೆಯ ಮರಳು ಬೀಳುತ್ತಿದೆ. ಅವರು ಆ ಮರಳನ್ನು ಚಿಟಿಕೆಯಲ್ಲಿ ಎತ್ತಿ ನೋಡಿದರು. ಇನ್ನೊಂದು ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

"ಈ ಜರಡಿ ಹಿಡಿಯುವವರನ್ನೇ ಎಲ್ಲರೂ ಕೆಲಸದಿಂದ ಬಿಡಿಸಿದ್ದೋ?" ಎಂದರು.

"ಇನ್ನೇನು ಮಾಡ್ಯಾರು ಸ್ವಾಮಿ? ನಮ್ಮ ಜಗಲಿಗೆ ಐದು ಮೆಟ್ಟಿಲು ಗೇಣುದ್ದ ಇಟ್ಟು, ಆರನೇದು ಆಳೆತ್ತರ ಕಟ್ಟಿದ್ರೆ ನೀವಾದ್ರೂ ಹತ್ತುತ್ತಿದ್ರಾ? ಐದರಲ್ಲೇ ಕೂತ್ಕೊಂಡು ಎದ್ದು ಹೋಗ್ತಿದ್ರಿ. ಸುಂಕ ಕೊಡಲ್ಲ ಅನ್ನೋರಲ್ಲ ನಾವು. ಕೆರೆ ಏರಿ ನಿಂತಿರೋದು, ದಾರೀಲಿ ಕಳ್ಳರಿಲ್ಲದಿರೋದು ಸುಂಕದಿಂದ್ಲೇ ಅಂತ ಗೊತ್ತೈತಿ. ಆದ್ರೆ ಒಬ್ಬರಿಗೆ ಕೆಲಸ ಕೊಟ್ಟಿದ್ದಕ್ಕೆ ದಂಡ ಹಾಕಿದಂಗೆ ಆಗಬಾರದು ನೋಡ್ರಿ."

ತಿಮ್ಮಪ್ಪಯ್ಯನವರು ಚಿಟಿಕೆಯ ಮರಳನ್ನು ಕೆಳಗೆ ಉದುರಿಸಿದರು. "ಕಂಡ ಮೇಲೆ ಆರು ಅಂತಲೇ ಬರೆಯಬೇಕು ತಾಯಿ. ಇಲ್ಲದಿದ್ದರೆ ನಾನು ತಿಂದ ಅನ್ನಕ್ಕೆ ದ್ರೋಹ," ಎಂದರು.

"ಬರೀರಿ. ಉಪ್ಪು ತಿಂದೋರು ನೀರು ಕುಡೀಲೇಬೇಕು, ಹನ್ನೆರಡು ವರಹ ಕಟ್ತೀನಿ. ಆದ್ರೆ ಅದರ ಕೆಳಗೆ ನಾನು ಹೇಳಿದ್ದನ್ನೂ ಬರೀರಿ."

ಚೌಡಮ್ಮ ತನ್ನ ಬೆಳ್ಳಿಯ ಡಾಬು ಮಾರಿ ಸುಂಕ ಕಟ್ಟಿದಳು. ಉಳಿದದ್ದರಲ್ಲಿ ಹಾಲಮ್ಮನಿಗೆ ಹೊಸ ಚಪ್ಪಲಿ ಹೊಲಿಸಿದಳು. ಬೀದಿಯವರು ಅವಳನ್ನು ಹುಚ್ಚಿ ಎಂದರು. ಅವಳಿಗೂ ಒಂದೆರಡು ದಿನ ಹಾಗೇ ಅನ್ನಿಸಿತು. ಸೊಂಟ ಬರಿದಾಗಿತ್ತು, ಮುಂದಿನ ವರ್ಷದ ಹನ್ನೆರಡು ವರಹಕ್ಕೆ ಮಾರಲು ಇನ್ನೊಂದು ಡಾಬು ಇರಲಿಲ್ಲ. ಆ ವರ್ಷ ಬಂದರೆ ಹಾಲಮ್ಮನನ್ನು ಕೆಲಸದಿಂದ ಬಿಡಿಸದೆ ಬೇರೆ ದಾರಿಯಿರಲಿಲ್ಲ.

ತಿಮ್ಮಪ್ಪಯ್ಯನವರು ಈ ಸಲ ಕಾಗದ ಮಾತ್ರ ಕಳಿಸಲಿಲ್ಲ. ಎರಡು ಗಂಟು ಮಂಡಕ್ಕಿ ಕಟ್ಟಿಕೊಂಡು ತಾವೇ ರಾಜಧಾನಿಗೆ ಹೋದರು. ಒಂದು ಗಂಟು ಐದು ಜನರ ಭಟ್ಟಿಯದು, ಇನ್ನೊಂದು ಆರು ಜನರದು. ದಿವಾನರ ಮುಂದೆ ಎರಡನ್ನೂ ಬಿಚ್ಚಿಟ್ಟು, "ಮೊದಲು ಇದನ್ನ ಸವಿಯಬೇಕು ಬುದ್ಧಿ," ಎಂದು ಐದು ಜನರದನ್ನು ಮುಂದೆ ಸರಿಸಿದರು. ದಿವಾನರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕರಕರ ಎಂದಿತು. ಮುಖ ಹುಳ್ಳಗಾಯಿತು.

"ಏನಯ್ಯ ಇದು, ಮರಳು?"

"ತಮ್ಮ ಕಾಯಿದೆ, ಬುದ್ಧಿ," ಎಂದರು ತಿಮ್ಮಪ್ಪಯ್ಯನವರು ಕೈಮುಗಿದು.

ದಿವಾನರು ಕೋಪಿಸಿಕೊಳ್ಳಬಹುದಿತ್ತು. ಒಳ್ಳೆಯ ಮನಸ್ಸಿನವರೆಂದು ಮೊದಲೇ ಹೇಳಿದೆನಲ್ಲ. ಬಾಯಿ ಮುಕ್ಕಳಿಸಿ ಉಗಿದು, ಎರಡನೇ ಗಂಟಿನ ಮಂಡಕ್ಕಿ ತಿನ್ನುತ್ತ ಚೌಡಮ್ಮನ ಮಾತನ್ನು ಎರಡು ಸಲ ಓದಿಸಿ ಕೇಳಿದರು. ಗಂಟು ಖಾಲಿಯಾಗುವ ಹೊತ್ತಿಗೆ ಕಾಯಿದೆ ಬದಲಾಗಿತ್ತು. ಐದು ಜನರವರೆಗೆ ಮೊದಲಿನಂತೆ ಒಂದು ವರಹ. ಆಮೇಲೆ ಸೇರುವ ಒಬ್ಬೊಬ್ಬರಿಗೆ ಅರ್ಧರ್ಧ ವರಹ. ಅಷ್ಟೇ.

ಸುದ್ದಿ ಮುಟ್ಟಿದ ದಿನ ಹತ್ತು ಭಟ್ಟಿಗಳವರು ಕಟ್ಟೆಯ ಮೇಲಿದ್ದ ಹತ್ತು ಜನರನ್ನು ಕೈಹಿಡಿದು ಕರೆದುಕೊಂಡು ಹೋದರು. ಊರಿನ ಬಾಯಿಂದ ಮರಳು ಹೋಯಿತು. ವರ್ಷದ ಕೊನೆಗೆ ಒಂದೊಂದು ವರಹದ ಬದಲು ಒಂದೂವರೆ ವರಹ ಬಂದು, ಖಜಾನೆಗೂ ಮೊದಲಿಗಿಂತ ಹೆಚ್ಚೇ ಸೇರಿತು. ಚೌಡಮ್ಮ ಕಟ್ಟಿದ ಹನ್ನೆರಡು ವರಹ ಮಾತ್ರ ಹಿಂದಕ್ಕೆ ಬರಲಿಲ್ಲ. ಅರಮನೆಗೆ ಹೋದ ಹಣಕ್ಕೆ ಹೊರಗೆ ಬರುವ ದಾರಿ ಬೇಗ ಸಿಗುವುದಿಲ್ಲ. ಆದರೆ ಊರಿನವರು ಮಂಡಕ್ಕಿಗೆ ಮೊದಲು ಅವಳ ಭಟ್ಟಿಗೇ ಬರತೊಡಗಿ, ಎರಡನೇ ವರ್ಷಕ್ಕೆ ಡಾಬು ಮತ್ತೆ ಸೊಂಟಕ್ಕೆ ಬಂತು.

ಈಗಲೂ ಬೆಳಗಿನ ಹೊತ್ತು ಅವಳ ಜಗಲಿಯ ಕೆಳಗೆ ಚಪ್ಪಲಿಗಳು ಸಾಲಾಗಿ ಇರುತ್ತವೆ. ಒಂದು ದಿನ ಪಕ್ಕದ ಭಟ್ಟಿಯವನು ಎಣಿಸಿ ನೋಡಿದ. ಏಳು ಜೊತೆ.

"ಏನ್ ಚೌಡಕ್ಕ, ಇನ್ನೊಬ್ಬರನ್ನ ಇಟ್ಕೊಂಡ್ಯಾ? ಅವರ ಅರ್ಧ ವರಹ ಕಟ್ಟಿದ್ಯೋ ಇಲ್ವೋ?" ಎಂದು ಕೀಟಲೆ ಮಾಡಿದ.

ಒಳಗಿನಿಂದ ಸೀನಿನ ಸದ್ದು ಕೇಳಿತು. ಒಂದಲ್ಲ, ಏಳು.

"ಅದು ಸುಂಕದವರ ಜೋಡು ಕಣಪ್ಪ," ಎಂದಳು ಚೌಡಮ್ಮ. "ಈಗ ಅವರು ಒಳಗೆ ಬಂದೇ ಎಣಿಸೋದು."

ನೀತಿ: ಸುಂಕ ಕೇಳುವವರು ಹೊರಗೆ ಕೂತು ಚಪ್ಪಲಿ ಎಣಿಸಬಾರದು, ಒಳಗೆ ಬಂದು ದುಡಿಮೆಯನ್ನು ನೋಡಬೇಕು. ಸುಂಕ ಕೊಡುವವರು ಚಪ್ಪಲಿ ಬಚ್ಚಿಡಬಾರದು, ಬಾಯಿ ಬಿಟ್ಟು ಕಷ್ಟ ಹೇಳಬೇಕು. ಒಬ್ಬರಿಗೆ ಅನ್ನ ಕೊಟ್ಟದ್ದೇ ತಪ್ಪೆನ್ನುವ ಕಾಯಿದೆ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ, ಕೊನೆಗೆ ಎಲ್ಲರ ಬಾಯಿಗೂ ಮರಳು ಹಾಕುತ್ತದೆ.