ಎರೆಮಣ್ಣಿನ ಹೆಂಟೆ

ಕಾಣದೆಯೇ ಕೈಹಿಡಿದು ನಡೆಸುವ ದೇವರಿಗೆ ಮೊದಲ ನಮಸ್ಕಾರ. ಕೇಳಲು ಕೂತ ನಿಮಗೆ ಎರಡನೆಯದು.

ಶಿವಲೀಲೆ ಗುರುಗಳ ಪಾದದ ಬಳಿ ಮಲ್ಲಿಗೆಯಿಟ್ಟು ಕೇಳಿದಳು: “ಗುರುಗಳೇ, ದೊಡ್ಡ ಕಾಮಗಾರಿಗಳನ್ನು ಹೇಗೆ ಯೋಜಿಸಬೇಕು, ಹೇಗೆ ನಡೆಸಬೇಕು ಎಂದು ಮೊದಲು ಸಂಶೋಧಿಸಿ ಬರೆದವರು ತಾವು. ಆಮೇಲೆ ಬಂದವರೆಲ್ಲ ಆ ಗ್ರಂಥದ ಮೇಲೆಯೇ ನಿಂತಿದ್ದಾರೆ. ಅದನ್ನು ವಿಮರ್ಶಿಸಲು ನನಗೇ ಹೇಳಿದಿರಿ. ತಾವು ನೋಡಿದ್ದು ಹನ್ನೊಂದು ಕಾಮಗಾರಿ. ಹನ್ನೊಂದರಲ್ಲೂ ಶುರು ಮಾಡಿದ ಜನರೇ ಮುಗಿಯುವವರೆಗೆ ಇದ್ದರು. ನಡುವೆ ಜನ ಬದಲಾಗುವ ಕಡೆ ತಮ್ಮ ನಿಯಮ ನಿಲ್ಲುತ್ತಿಲ್ಲ. ಅದನ್ನೇ ಒಂದು ಪುಟ ಬರೆದಿದ್ದೇನೆ. ಕೊಟ್ಟರೆ ಗುರುದ್ರೋಹ, ಬಚ್ಚಿಟ್ಟರೆ ಸುಳ್ಳು. ಏನು ಮಾಡಲಿ?”

ಗುರುಗಳು ನಕ್ಕರು. “ಕೂತ್ಕೋ ತಾಯಿ. ಒಂದು ಕತೆ ಕೇಳು” ಎಂದರು.

ಕೆರೆ ಕಟ್ಟುವವನೊಬ್ಬನಿದ್ದ. ಮೂರು ಕೆರೆ ಕಟ್ಟಿ, ಕಂಡದ್ದನ್ನು ಓಲೆಯಲ್ಲಿ ಬರೆದ. ಏರಿಗೆ ಗೇಣು ದಪ್ಪ ಮಣ್ಣು ಹಾಕಿ ಎತ್ತುಗಳಿಂದ ತುಳಿಸಬೇಕು. ಎರಡು ದಿನ ಆರಿದ ಮೇಲೆ ಮುಂದಿನ ಪದರ. ಅವನ ಶಿಷ್ಯರು ಹಾಗೆಯೇ ಕಟ್ಟಿದರು. ಏರಿಗಳು ನಿಂತವು. ಅವನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು. ವರ್ಷಕ್ಕೊಮ್ಮೆ ಶಿಷ್ಯರು ಬಂದು ಓಲೆಗೂ ಅವನ ಪಾದಕ್ಕೂ ಹೂವೇರಿಸಿ ಹೋಗುತ್ತಿದ್ದರು.

ಅವರಲ್ಲೊಬ್ಬ ದೂರದ ಸೀಮೆಗೆ ಕೆರೆ ಕಟ್ಟಲು ಹೋದ. ಏರಿಯ ಕೆಳಗೇ ಊರಿತ್ತು. ಎರಡು ದಿನ ಆರಿದ ಪದರಕ್ಕೆ ಕೋಲು ಚುಚ್ಚಿ ನೋಡಿದ. ಕೋಲಿನ ತುದಿಗೆ ಹಸಿ ಕೆಸರು ಅಂಟಿಕೊಂಡು ಬಂತು. ಅವನು ಕೆಲಸ ನಿಲ್ಲಿಸಿದ.

ಮೇಸ್ತ್ರಿ ರೇಗಿದ. “ಓಲೆಯಲ್ಲಿ ಎರಡೇ ದಿನ ಅಂತಿದೆಯಲ್ಲಪ್ಪಾ. ಅಜ್ಜನಿಗೆ ಗೊತ್ತಿಲ್ಲದ್ದು ನಿನ್ನ ಕೋಲಿಗೆ ಗೊತ್ತಾಯಿತೋ?”

“ಅದನ್ನು ಅಜ್ಜನನ್ನೇ ಕೇಳಿ ಬರ್ತೀನಿ.”

ಒಂದು ಹೆಂಟೆ ಮಣ್ಣನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಅಜ್ಜನ ಮೂರು ಕೆರೆಗಳನ್ನೂ ನೋಡಿದ. ಮೂರೂ ಬೇಗ ಆರುವ ಕೆಮ್ಮಣ್ಣಿನವು. ಮುದುಕನ ಕಾಲಿಗೆ ಬಿದ್ದು, ಹೆಂಟೆಯನ್ನು ಅವನ ಕೈಗಿಟ್ಟ. “ಅಜ್ಜಾ, ನಿಮ್ಮ ಮಾತು ನಮ್ಮ ಎರೆಮಣ್ಣಿಗೆ ಹೊಂದುತ್ತಿಲ್ಲ. ಬೈದರೂ ಬೈಯಿರಿ.”

ಮುದುಕ ಅದಕ್ಕೆ ನೀರು ಚಿಮುಕಿಸಿದ. ಬೆರಳುಗಳಲ್ಲಿ ಬಹಳ ಹೊತ್ತು ತೀಡಿದ. ಅವನ ಕಣ್ಣು ತುಂಬಿತು.

“ಇಷ್ಟು ವರ್ಷ ಎಲ್ಲರೂ ಹೂವು ತಂದರು ಮಗನೇ. ಮಣ್ಣು ತಂದವನು ನೀನೊಬ್ಬನೇ.”

ಓಲೆ ತರಿಸಿ, ಇದು ಕೆಮ್ಮಣ್ಣಿನ ಮಾತು ಎಂದು ಬರೆಸಿದ. ಎರೆಮಣ್ಣಿನ ಮಾತನ್ನು ಕಟ್ಟಿ ನೋಡಿದ ಮೇಲೆ ನೀನೇ ಬರಿ ಎಂದು ಕೆಳಗೆ ಜಾಗ ಬಿಡಿಸಿದ. ಆ ಏರಿ ಏಳಲು ಎರಡು ಬೇಸಿಗೆ ಹಿಡಿಯಿತು. ಕೆರೆ ತುಂಬಿದ ದಿನ ಕೆಳಗಿನ ಊರಿನಲ್ಲಿ ತೊಟ್ಟಿಲುಗಳು ತೂಗುತ್ತಲೇ ಇದ್ದವು.

ಕತೆ ಮುಗಿಸಿ ಗುರುಗಳು ಪಾದದ ಬಳಿಯ ಮಲ್ಲಿಗೆಯನ್ನು ಮೆಲ್ಲನೆ ಬದಿಗೆ ಸರಿಸಿ, ಕೈಚಾಚಿದರು.

“ಹೂವು ಬಂತು ತಾಯಿ; ಇನ್ನು ಮಣ್ಣು ಕೊಡು.”

ಶಿವಲೀಲೆ ತಾನು ಬರೆದ ಪುಟವನ್ನು ಅವರ ಕೈಗಿಟ್ಟಳು.

ಕೇಳಿದ ನಿಮ್ಮೆಲ್ಲರ ಮನೆ ತಂಪಾಗಿರಲಿ. ನೀವು ಕಟ್ಟಿದ್ದು ನಿಲ್ಲಲಿ. ನಿಲ್ಲದಿದ್ದರೆ, ಪ್ರೀತಿಯಿಂದ ಹೇಳುವವರನ್ನು ದೇವರು ನಿಮ್ಮ ಬಾಗಿಲಿಗೆ ಕಳಿಸಲಿ.