ಸೀರೆ ಅಂಗಡಿಯ ಸ್ಯಾಂಪಲ್ ವಿಡಿಯೋ

ದಾವಣಗೆರೆಯ ಸೀರೆ ವ್ಯಾಪಾರಿ ತಿಪ್ಪೇರುದ್ರಪ್ಪನಿಗೆ ಜಾಹೀರಾತಿನ ವಿಡಿಯೋ ಬೇಕಿತ್ತು, ಖರ್ಚು ಮಾತ್ರ ಬೇಡವಾಗಿತ್ತು. ಮದುವೆಮನೆಗಳ ವಿಡಿಯೋ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಹಂಸವೇಣಿಯನ್ನು ಕರೆಸಿದ.

"ಮೊದಲು ಪೂರ್ತಿ ವಿಡಿಯೋ ಮಾಡ್ಕೊಂಡು ಬಾರವ್ವ. ಬೇರೆಯವರಿಗೂ ಹೇಳೀನಿ. ಯಾರದ್ದು ಹಿಡಿಸುತ್ತೋ ಅವರಿಗಷ್ಟೇ ದುಡ್ಡು."

"ಉಳಿದವರು ದುಡಿದದ್ದು?"

"ಅದು ಸ್ಯಾಂಪಲ್ಲು. ಸ್ಯಾಂಪಲ್ಲಿಗೆ ಯಾರಾದ್ರೂ ದುಡ್ಡು ಕೊಡ್ತಾರೇನು?"

ಹಂಸವೇಣಿ ವಾದಕ್ಕೆ ನಿಲ್ಲಲಿಲ್ಲ. "ಆಗಲಿ ಸಾವ್ಕಾರ್ರೇ, ನನ್ನ ಕೆಲಸದ ಸ್ಯಾಂಪಲ್ ತಾನೆ? ತೋರಿಸ್ತೀನಿ" ಎಂದು ಹೊರಟಳು.

ವಾರ ಕಳೆದು ಬಂದಳು. ತಿಪ್ಪೇರುದ್ರಪ್ಪ ಅಂಗಡಿಯ ಆಳುಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಅವಳ ಫೋನು ಹಿಡಿದು ಕೂತ. ಬೆಳಕೇನು, ಬಣ್ಣವೇನು, ಸೆರಗಿನ ಜರಿಯ ಹೊಳಪೇನು! "ಭೇಷ್!" ಅಂದ.

ಹಾಗೆಂದು ತೆರೆದ ಬಾಯಿ ಮುಚ್ಚಲೇ ಇಲ್ಲ. ವಿಡಿಯೋದಲ್ಲಿದ್ದದ್ದು ಎದುರು ಸಾಲಿನ ಕೊಟ್ರೇಶಪ್ಪನ ಸೀರೆ ಅಂಗಡಿ! ಅಲ್ಲಿ ಹೊಸ ಸೀರೆಯ ಸೆರಗು ಹೊದ್ದು ನಿಂತವಳು ತಿಪ್ಪೇರುದ್ರಪ್ಪನ ಹೆತ್ತ ತಾಯಿ! "ಇಂಥಾ ಸೀರೆ ನನ್ನ ಮಗನ ಅಂಗಡ್ಯಾಗೂ ಸಿಗಲ್ಲ ಬಿಡ್ರಿ" ಎಂದು ಮುಖ ಅರಳಿಸಿ ಹೇಳುತ್ತಿದ್ದಳು.

ತಿಪ್ಪೇರುದ್ರಪ್ಪನ ಕೈಯಿಂದ ಫೋನು ಜಾರಿತು. ಆಳುಗಳು ಗೋಡೆ ಕಡೆ ತಿರುಗಿ ನಗು ನುಂಗಿದರು.

"ಏನವ್ವ ಇದು!"

"ಸ್ಯಾಂಪಲ್ಲು. ಕೊಟ್ರೇಶಪ್ಪನವರು ಮುಂಗಡ ಕೊಟ್ಟು ಮಾಡಿಸ್ಕೊಂಡ್ರು. ಹಿಡಿಸಿದ್ರೆ ನಿಮಗೂ ಹಂಗೇ ಮಾಡ್ಕೊಡ್ತೀನಿ."

ಅವನು ಬೆವರು ಒರೆಸಿಕೊಂಡ. "ಹಿಂಗ್ ಮಾತಾಡೋಕೆ ನಮ್ಮವ್ವಂಗೆ ಆ ಕೊಟ್ರೇಶಿ ಎಷ್ಟು ಕೊಟ್ಟ?"

"ಏನೂ ಇಲ್ಲ ಸಾವ್ಕಾರ್ರೇ. ಸೀರೆ ತಗೊಳ್ಳೋಕೆ ಬಂದಿದ್ರು, ತಾವಾಗೇ ಮಾತಾಡಿದ್ರು. ಇಡೀ ವಿಡಿಯೋದಲ್ಲಿ ಬಿಟ್ಟಿ ದುಡಿದವರು ಅವರೊಬ್ಬರೇ!"