ಮುಳ್ಳಿಲ್ಲದ ಜೇಬುಗಡಿಯಾರ

ಬಿ.ಎ. ಪಾಸಾದ ಕನಕವಲ್ಲಮ್ಮನವರ ಹಳೆಯ ದಿನಚರಿಯ ಪ್ರಕಾರ, ೧೯೮೧ರ ಜೂನ್ ೯ರಂದು ಅವರು ಮೊಮ್ಮಕ್ಕಳ ನಾಟಕದ ಯಕ್ಷರಾಜನಿಗೆ ಮಾಯದ ಜೇಬುಗಡಿಯಾರವೊಂದರ ಚಿತ್ರ ಬರೆಯಲು ಕುಳಿತರು.

“ಸುತ್ತಲೂ ಗುಲಾಬಿ ಬಳ್ಳಿ ಹಬ್ಬಿಸು,” ಎಂದು ಪೆನ್ಸಿಲ್ಲಿಗೆ ಅಪ್ಪಣೆ ಮಾಡಿದರು. “ಮುಳ್ಳು ಮಾತ್ರ ಒಂದೂ ಇರಕೂಡದು. ರಾಜರ ಬೆರಳಿಗೆ ಚುಚ್ಚೀತು.”

“ಒಂದೂ ಬೇಡವೇ, ಅಮ್ಮಾವ್ರೇ?” ಎಂದು ಪೆನ್ಸಿಲ್ ಕೇಳಿತು.

“ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸ ನನಗಿಲ್ಲ.”

ಪೆನ್ಸಿಲ್ ತೆಪ್ಪಗೆ ಬರೆಯಿತು. ಬಳ್ಳಿ ಬಂತು, ಮುಚ್ಚಳದ ಮೇಲೆ ನವಿಲು ಬಂತು, ಅಂಕಿಗಳ ಜಾಗದಲ್ಲಿ ಚಂದ್ರರು ಬಂದರು. ಆಗ ಚಿತ್ರದ ಗಡಿಯಾರವೇ ಬಾಯಿಬಿಟ್ಟಿತು: “ಅಮ್ಮಾವ್ರೇ, ಅಲಂಕಾರವೇನೋ ಆಯಿತು. ಗಂಟೆ ಎಷ್ಟೆಂದು ಯಾರಾದರೂ ಕೇಳಿದರೆ ಏನು ತೋರಿಸಲಿ?”

ಕನಕವಲ್ಲಮ್ಮ ಕನ್ನಡಕ ಏರಿಸಿ ನೋಡಿದರು. ಗಂಟೆಯ ಮುಳ್ಳೂ ಇಲ್ಲ, ನಿಮಿಷದ ಮುಳ್ಳೂ ಇಲ್ಲ. ತಾವು ಹೇಳಿದ್ದು ಗುಲಾಬಿಯ ಮುಳ್ಳೆಂದರೆ ತಮ್ಮ ಮಾತೇ ತಪ್ಪೆಂದು ಒಪ್ಪಿಕೊಂಡಂತೆ. ಅದೂ ಒಂದು ಪೆನ್ಸಿಲ್ಲಿನ ಎದುರಿಗೆ.

“ಈ ಗಡಿಯಾರಕ್ಕೆ ಮುಳ್ಳು ಬರೆಯುವುದಲ್ಲ, ಅಂಟಿಸುವುದು,” ಎಂದರು. “ಹೊಸ ಪದ್ಧತಿ.”

“ಮುಳ್ಳು ಎಲ್ಲಿಂದ ತರುತ್ತೀರಿ?” ಎಂದಿತು ಪೆನ್ಸಿಲ್.

ಅವರು ತಮ್ಮ ಕೈಗಡಿಯಾರ ಬಿಚ್ಚಿ, ಗಾಜು ಮೀಟಿ, ಎರಡೂ ಮುಳ್ಳುಗಳನ್ನು ಕಿತ್ತು ಚಿತ್ರದ ಮೇಲೆ ಅಂಟಿಸಿದರು.

ಆ ಚಿತ್ರಕ್ಕೆ ಕೊನೆಗೆ ಆದ ಖರ್ಚು ಅರ್ಧ ಪೆನ್ಸಿಲ್, ಸ್ವಲ್ಪ ಗೋಂದು ಮತ್ತು ಒಂದು ನಿಮಿಷವೂ ತಪ್ಪದೆ ನಡೆಯುತ್ತಿದ್ದ ಕೈಗಡಿಯಾರ.